ಫಾರ್ಮ್ ತುಂಬುವ ಮುಂಚೆ ತಾರೀಖು ನೋಡಿ

ಊರಿನಲ್ಲಿರುವ ಮನೆಯವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಬಗ್ಗೆ ನೀವು ಬರೆದುಕೊಟ್ಟ ಚೀಟಿಗಳನ್ನೆಲ್ಲ ಓದಿದೆ. ಅರ್ಧಕ್ಕಿಂತ ಜಾಸ್ತಿ ಅಪ್ಪ ಅಮ್ಮನ ಬಗ್ಗೆ. ಮಿಕ್ಕಿದ್ದು ಮದುವೆ, ಅಣ್ಣ ತಮ್ಮಂದಿರು, ಮಕ್ಕಳ ವಯಸ್ಸು. ಹೆಚ್ಚಿನವರು ಕೇಳಿರುವುದು "ಯಾವ ಫಾರ್ಮ್ ಹಾಕಬೇಕು" ಅಂತ. ಅದಕ್ಕೆ ಉತ್ತರ ಒಂದೇ ಸಾಲು. ಅಮೆರಿಕದ ಸಿಟಿಜನ್ ಅಥವಾ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಕಾರ್ಡ್, ಇರುವವರು ಮನೆಯವರಿಗಾಗಿ ಹಾಕುವ ಮೊದಲ ಅರ್ಜಿ ಐ-130. ಆದರೆ ವಕೀಲನಾಗಿ ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಫಾರ್ಮ್ ತಪ್ಪಿದ್ದು ಕಡಿಮೆ. ಮದುವೆ ಎರಡು ತಿಂಗಳು ಬೇಗ ಆಗಿರುತ್ತದೆ. ಮಗಳಿಗೆ 21 ತುಂಬಿರುತ್ತದೆ. ಅಮ್ಮ ಊರಿನಲ್ಲೇ ಒಂದು ವರ್ಷ ಉಳಿದುಬಿಟ್ಟಿರುತ್ತಾರೆ. ಆದ್ದರಿಂದ ಇವತ್ತು ನಾನು ಮುಖ್ಯವಾಗಿ ತಾರೀಖುಗಳ ಬಗ್ಗೆಯೇ ಮಾತಾಡುತ್ತೇನೆ.

ಅಪ್ಪ ಅಮ್ಮನಿಂದ ಶುರು ಮಾಡೋಣ. ನೀವು ಸಿಟಿಜನ್ ಆಗಿರಬೇಕು, ನಿಮಗೆ 21 ತುಂಬಿರಬೇಕು. ಬರೀ ಗ್ರೀನ್ ಕಾರ್ಡ್ ಇದ್ದರೆ ಅಪ್ಪ ಅಮ್ಮನಿಗೆ ಅರ್ಜಿ ಹಾಕಲು ಬರುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಗಂಡ ಅಥವಾ ಹೆಂಡತಿ, ಮದುವೆಯಾಗದ ಮಕ್ಕಳು, ಇಷ್ಟೇ. ಸಿಟಿಜನ್ ಆದವರ ಅಪ್ಪ ಅಮ್ಮ, ಗಂಡ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ಇವರಿಗೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ. ಸರದಿಯೂ ಇಲ್ಲ. ಕಾಗದ ಪತ್ರ ಓಡಾಡುವ ಸಮಯ ಮಾತ್ರ ಹಿಡಿಯುತ್ತದೆ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಈ ಗುಂಪಿನಲ್ಲಿ ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ವೀಸಾ. ಅಪ್ಪನಿಗೊಂದು, ಅಮ್ಮನಿಗೊಂದು ಬೇರೆ ಬೇರೆ ಅರ್ಜಿ. ಅವರ ಜೊತೆ ಮನೆಯಲ್ಲಿರುವ 17 ವರ್ಷದ ತಂಗಿ ಅವರ ಹಿಂದೆ ಬರುವಂತಿಲ್ಲ. ಅಪ್ಪ ಅಮ್ಮ ಇಲ್ಲಿ ಬಂದು ಗ್ರೀನ್ ಕಾರ್ಡ್ ಪಡೆದ ಮೇಲೆ ಅವಳಿಗೆ ಹೊಸದಾಗಿ ಹಾಕಬೇಕು. ಅದಕ್ಕೆ ಸರದಿ ಇದೆ. ಆ ಸರದಿ ಮುಗಿಯುವವರೆಗೆ ಅಪ್ಪ ಅಮ್ಮ ಇಲ್ಲಿ, ಹುಡುಗಿ ಅಲ್ಲಿ. ಟಿಕೆಟ್ ಬುಕ್ ಮಾಡುವ ಹೊತ್ತಿಗೆ ಇದು ಗೊತ್ತಾದರೆ ಏನು ಪ್ರಯೋಜನ?

ದಾಖಲೆಯ ವಿಷಯ. ಮೊದಲ ಹಂತದಲ್ಲಿ ಬೇಕಾಗುವುದು ನಿಮ್ಮ ಜನನ ಪ್ರಮಾಣಪತ್ರ, ಅದರಲ್ಲಿ ಅಪ್ಪ ಅಮ್ಮನ ಹೆಸರು ಇರಬೇಕು. ಅಪ್ಪನಿಗೆ ಹಾಕುವಾಗ ಅವರಿಬ್ಬರ ಮದುವೆಯ ದಾಖಲೆಯೂ ಬೇಕು. ಅಪ್ಪ ಅಮ್ಮನ ಸ್ವಂತ ಜನನ ಪತ್ರ ಕೇಳುವುದು ಆಮೇಲೆ, ವೀಸಾ ಹಂತದಲ್ಲಿ. ನಮ್ಮ ದೇಶದ ಜನನ ಮರಣ ನೋಂದಣಿ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರಲ್ಲಿ. ಅದಕ್ಕಿಂತ ಮುಂಚೆ ಹಳ್ಳಿಯಲ್ಲಿ ಹುಟ್ಟಿದವರಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದ ತಾರೀಖೇ ಎಷ್ಟೋ ಜನರ ಹುಟ್ಟಿದ ದಿನ. ಇದು ಅಮೆರಿಕದ ಅಧಿಕಾರಿಗಳಿಗೂ ಗೊತ್ತು. ಜನನ ದಾಖಲೆ ಲಭ್ಯವಿಲ್ಲ ಎಂದು ನೋಂದಣಿ ಅಧಿಕಾರಿಯಿಂದ ಒಂದು ಪತ್ರ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಡಿ. ಹುಟ್ಟಿದ ವಿಷಯ ಗೊತ್ತಿರುವ ಹಿರಿಯರಿಂದ ಅಫಿಡವಿಟ್ ಮಾಡಿಸಿ. ಈಗ ಹೊಸದಾಗಿ ಮಾಡಿಸಿದ ಜನನ ಪತ್ರ ಒಂದನ್ನೇ ಹಿಡಿದುಕೊಂಡು ಹೋದರೆ, ಹಳೆಯದು ಏನಿದೆ ತೋರಿಸಿ ಅಂತ ಕೇಳುವ ಸಾಧ್ಯತೆ ಜಾಸ್ತಿ.

ಇನ್ನು ಹೆಸರು. ಇದರ ಬಗ್ಗೆ ನಾನು ಒಂದು ಇಡೀ ಸಂಜೆ ಮಾತಾಡಬಲ್ಲೆ. ಮಾರ್ಕ್ಸ್ ಕಾರ್ಡಿನಲ್ಲಿ ಎಚ್.ಎನ್. ನಾಗರಾಜ. ಪಾಸ್‌ಪೋರ್ಟಿನಲ್ಲಿ ನಾಗರಾಜ ಹೊಳಲ್ಕೆರೆ ನಂಜುಂಡಯ್ಯ. ಪಿಂಚಣಿ ಪುಸ್ತಕದಲ್ಲಿ ನಾಗರಾಜಯ್ಯ. ಊರಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಲ್ಲಿನ ಅಧಿಕಾರಿಗೆ ಇವರು ಮೂರು ಜನ! ಅಮ್ಮಂದಿರದು ಇನ್ನೂ ಕಷ್ಟ. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿರುತ್ತಾರೆ. ತವರಿನ ಹೆಸರು ಶಾಲೆಯ ದಾಖಲೆಯಲ್ಲಿ, ಗಂಡನ ಮನೆಯ ಹೆಸರು ರೇಷನ್ ಕಾರ್ಡಿನಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲ ಸರ್‌ನೇಮ್ ಆಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಮುಂದೆ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್, ಆಸ್ಪತ್ರೆ ಎಲ್ಲ ಕಡೆ ಅಮ್ಮ "ಫ್ನು" ಆಗಿಬಿಡುತ್ತಾರೆ. ಆದ್ದರಿಂದ ಐ-130 ಹಾಕುವ ಮುಂಚೆಯೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಅಫಿಡವಿಟ್ ಕೂಡ ಇರಲಿ.

ವೀಸಾ ಸಂದರ್ಶನ ಎಲ್ಲಿ ಅಂತ ಒಂದು ಚೀಟಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತಲ್ಲ, ಅಲ್ಲೇ ಅಲ್ವಾ ಎಂದು ಕೇಳಿದ್ದಾರೆ. ಅದು ಶುರುವಾದಾಗ ವೀಸಾ ಕೆಲಸ ಇರಲಿಲ್ಲ. ಕಾಯಂ ವಾಸದ ವೀಸಾಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಹೋಗುವುದು ಮುಂಬೈಗೆ. ಅದಕ್ಕೆ ಮುಂಚೆ ಅವರು ಗೊತ್ತು ಮಾಡಿದ ವೈದ್ಯರಲ್ಲಿ ತಪಾಸಣೆ ಆಗಬೇಕು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ.

ಈಗ ಯಾರೂ ಚೀಟಿಯಲ್ಲಿ ಬರೆಯದ ಪ್ರಶ್ನೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ನಿಜವಾಗಿಯೂ ಬೇಕಾ? ಅವರನ್ನು ಕೇಳಿದ್ದೀರಾ?

ಗ್ರೀನ್ ಕಾರ್ಡ್ ಎಂದರೆ ನಾನು ಇಲ್ಲೇ ವಾಸ ಮಾಡುತ್ತೇನೆ ಎಂಬ ಒಪ್ಪಂದ. ವರ್ಷಕ್ಕೊಮ್ಮೆ ಬಂದು ಮೊಮ್ಮಕ್ಕಳನ್ನು ನೋಡಿಕೊಂಡು ಹೋಗುವುದಕ್ಕೆ ಅದು ಇರುವುದಲ್ಲ. ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕು ಅಂತ ಒಂದು ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿ ಕೂತಿದೆ. ಹಾಗೆ ಯಾವ ಕಾನೂನಿನಲ್ಲೂ ಬರೆದಿಲ್ಲ. ವಾಸ ಎಲ್ಲಿ ಎಂಬುದೇ ಪ್ರಶ್ನೆ. ಮನೆ, ಬ್ಯಾಂಕ್, ತೆರಿಗೆ, ವೈದ್ಯರು ಎಲ್ಲ ಮೈಸೂರಿನಲ್ಲಿದ್ದು, ವರ್ಷಕ್ಕೆ ಎರಡು ಸಲ ಮೂರು ಮೂರು ವಾರ ಇಲ್ಲಿಗೆ ಬಂದರೆ ವಿಮಾನ ನಿಲ್ದಾಣದ ಅಧಿಕಾರಿ ಪ್ರಶ್ನೆ ಮಾಡಬಹುದು. ಒಂದು ವರ್ಷ ದಾಟಿ ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರುವುದೇ ಕಷ್ಟ. ಊರಿನಲ್ಲಿ ಮನೆ ಮಾರುವುದಿದೆ, ಆಪರೇಷನ್ ಇದೆ, ಜಾಸ್ತಿ ದಿನ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ರೀಎಂಟ್ರಿ ಪರ್ಮಿಟ್ ಇದೆ, ಅಂದರೆ ವಾಪಸ್ ಬರಲು ಮುಂಚೆಯೇ ಪಡೆಯುವ ಅನುಮತಿ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ. ಆದರೆ ಅರ್ಜಿ ಹಾಕುವ ದಿನ ನೀವು ಅಮೆರಿಕದ ಒಳಗೆ ಇರಬೇಕು. ಊರಿಗೆ ಹೋದ ಮೇಲೆ ನೆನಪಾದರೆ ಉಪಯೋಗವಿಲ್ಲ.

ನಿಲ್ದಾಣದಲ್ಲಿ ಕೆಲವು ಸಲ ಐ-407 ಎಂಬ ಕಾಗದ ಮುಂದೆ ಇಡುತ್ತಾರೆ. ಗ್ರೀನ್ ಕಾರ್ಡ್ ನಾನೇ ಬಿಟ್ಟುಕೊಡುತ್ತೇನೆ ಎಂಬ ಕಾಗದ ಅದು. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಸುಸ್ತಾದ ಅಜ್ಜ ಅಜ್ಜಿ "ಸೈನ್ ಮಾಡಿ" ಅಂದ ಕಡೆ ಸೈನ್ ಮಾಡುತ್ತಾರೆ. ಅದಕ್ಕೆ ಸಹಿ ಹಾಕಲೇಬೇಕು ಅಂತಿಲ್ಲ. ನಾನು ಜಡ್ಜ್ ಮುಂದೆ ಹೇಳುತ್ತೇನೆ ಎನ್ನುವ ಹಕ್ಕು ಅವರಿಗಿದೆ. ಇದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಅವರ ಪಾಸ್‌ಪೋರ್ಟ್ ಕವರಿನಲ್ಲಿ ಇಡಿ.

ಆರೋಗ್ಯ ವಿಮೆ ಇನ್ನೊಂದು. 65 ದಾಟಿದ ತಕ್ಷಣ ಮೆಡಿಕೇರ್, ಅಂದರೆ ಹಿರಿಯರಿಗೆ ಸರ್ಕಾರ ನಡೆಸುವ ವಿಮೆ, ಸಿಗುತ್ತದೆ ಅಂದುಕೊಂಡಿರುತ್ತೀರಿ. ಇಲ್ಲಿ ಕೆಲಸ ಮಾಡದ ಹೊಸ ಗ್ರೀನ್ ಕಾರ್ಡಿನವರು ಐದು ವರ್ಷ ಇಲ್ಲೇ ವಾಸ ಮಾಡಿರಬೇಕು. ಆಮೇಲೂ ಕಂತು ಕಟ್ಟಿ ಕೊಂಡುಕೊಳ್ಳಬೇಕು. ತೆರಿಗೆಯೂ ಇದೆ. ಗ್ರೀನ್ ಕಾರ್ಡ್ ಬಂದ ಮೇಲೆ ಜಯನಗರದ ಮನೆಯ ಬಾಡಿಗೆ, ಊರಿನ ಎಫ್‌ಡಿ ಬಡ್ಡಿ ಎಲ್ಲ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಪ್ರತ್ಯೇಕ ವರದಿ ಕೊಡಬೇಕು. ನಿವೃತ್ತಿಯ ದುಡ್ಡು ಇಟ್ಟುಕೊಂಡಿರುವ ಯಾರಿಗೆ ತಾನೇ ಇದು ದಾಟುವುದಿಲ್ಲ?

ಇಷ್ಟೆಲ್ಲ ಕೇಳಿದ ಮೇಲೆ ವಿಸಿಟರ್ ವೀಸಾನೇ ವಾಸಿ ಅನ್ನಿಸಿದರೆ, ಎಷ್ಟೋ ಮನೆಗಳಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಒಂದು ಎಚ್ಚರ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇದೆ ಅಂದರೆ ಹತ್ತು ವರ್ಷ ಇರಬಹುದು ಅಂತಲ್ಲ. ಪ್ರತಿ ಸಲ ಬಂದಿಳಿದಾಗ ಎಷ್ಟು ದಿನ ಎಂದು ಐ-94 ದಾಖಲೆಯಲ್ಲಿ ಬರುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖನ್ನು 180 ದಿನಕ್ಕಿಂತ ಜಾಸ್ತಿ ಮೀರಿ ಉಳಿದು ಹೊರಗೆ ಹೋದರೆ ಮೂರು ವರ್ಷ ಬರುವಂತಿಲ್ಲ. ಒಂದು ವರ್ಷ ಮೀರಿದರೆ ಹತ್ತು ವರ್ಷ.

ವಿಸಿಟರ್ ವೀಸಾದಲ್ಲಿ ಕರೆಸಿ ಇಲ್ಲೇ ಗ್ರೀನ್ ಕಾರ್ಡ್‌ಗೆ ಹಾಕಿಬಿಡಬಹುದಲ್ವಾ? ಹೌದು, ಇಲ್ಲಿಗೆ ಬಂದ ಮೇಲೆ ಮನಸ್ಸು ಬದಲಾದರೆ ಹಾಕಲು ಕಾನೂನಿನಲ್ಲಿ ದಾರಿ ಇದೆ. ಆದರೆ ಉಳಿಯುವ ಉದ್ದೇಶ ಇಟ್ಟುಕೊಂಡೇ ಹತ್ತಿ, ಇಳಿಯುವಾಗ "ಮಗನನ್ನು ನೋಡಿ ಹೋಗುತ್ತೇನೆ" ಅಂದರೆ ಅದು ಸುಳ್ಳು ಹೇಳಿಕೆ. ಸಾಬೀತಾದರೆ ಜೀವನಪೂರ್ತಿ ತಡೆ. ಇನ್ನೊಂದು, ಇಲ್ಲಿ ಅರ್ಜಿ ಹಾಕಿ ಕೂತ ಮೇಲೆ ಪ್ರಯಾಣದ ಅನುಮತಿ ಬರುವವರೆಗೆ ಹೊರಗೆ ಹೋದರೆ ಅರ್ಜಿ ಬಿಟ್ಟುಕೊಟ್ಟ ಹಾಗೆ. ಆ ನಡುವೆ ಊರಿನಲ್ಲಿ ದೊಡ್ಡಪ್ಪನೋ ಅತ್ತೆಯೋ ತೀರಿಕೊಂಡರೆ, ಅಪ್ಪ ಇಲ್ಲಿ ಕೂತು ಫೋನಿನಲ್ಲಿ ನೋಡಬೇಕಾಗುತ್ತದೆ.

ಮದುವೆಗೆ ಬರೋಣ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾಗಿ, ಎರಡು ವರ್ಷ ತುಂಬುವ ಮುಂಚೆ ಗ್ರೀನ್ ಕಾರ್ಡ್ ಸಿಕ್ಕಿದರೆ ಅದು ಎರಡೇ ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಕೊನೆಯ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಮರೆತರೆ ಕಾಯಂ ವಾಸವೇ ಹೋಗುತ್ತದೆ. ಇಲ್ಲಿ ಲೆಕ್ಕ ನಡೆಯುವುದು ಅಮೆರಿಕಕ್ಕೆ ಕಾಲಿಟ್ಟ ದಿನದ ಮೇಲೆ. ವೀಸಾ ಕೈಗೆ ಬಂದಿದೆ, ಎರಡನೇ ವಾರ್ಷಿಕೋತ್ಸವಕ್ಕೆ ಇನ್ನು ಒಂದು ವಾರ ಇದೆ, ವೀಸಾ ಅವಧಿಯೂ ಇದೆ ಅಂತಿಟ್ಟುಕೊಳ್ಳಿ. ಒಂದು ವಾರ ತಡೆದು ಹತ್ತಿದರೆ ಷರತ್ತಿಲ್ಲದ ಹತ್ತು ವರ್ಷದ ಕಾರ್ಡ್. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಮುಂಚೆ ಬಂದರೆ ಇನ್ನೊಂದು ಸುತ್ತು ಅರ್ಜಿ, ಫೀಸು, ಕಾಯುವುದು.

ಮದುವೆ ನಿಜವಾದದ್ದೇ ಎಂದು ತೋರಿಸಬೇಕಾಗುತ್ತದೆ. ಹತ್ತು ದಿನದ ರಜೆಯಲ್ಲಿ ಹೋಗಿ, ಹುಡುಗಿ ನೋಡಿ, ಛತ್ರ ಹುಡುಕಿ, ತಾಳಿ ಕಟ್ಟಿ ಬಂದ ಮದುವೆ ಇಲ್ಲಿನವರಿಗೆ ಅನುಮಾನ ತರಿಸುತ್ತದೆ ಅಂತ ಹೆದರಬೇಡಿ. ಭಾರತದ ಕಡತ ನೋಡುವ ಅಧಿಕಾರಿಗಳಿಗೆ ಹಿರಿಯರು ನೋಡಿ ಮಾಡಿದ ಮದುವೆ ಹೊಸದಲ್ಲ. ಲಗ್ನಪತ್ರಿಕೆ, ಎರಡೂ ಕಡೆಯವರು ಇರುವ ಫೋಟೋ, ಆಮೇಲಿನ ಮಾತುಕತೆ, ಓಡಾಟದ ಟಿಕೆಟ್ ಇಟ್ಟುಕೊಳ್ಳಿ.

ನಮ್ಮ ಕಡೆಯದೇ ಒಂದು ಪ್ರಶ್ನೆ ಬಂದಿದೆ. ಅಕ್ಕನ ಮಗಳನ್ನೋ ಸೋದರತ್ತೆ ಮಗಳನ್ನೋ ಮದುವೆಯಾದವರ ಗತಿ ಏನು? ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಸಂಬಂಧಕ್ಕೆ ಸಂಪ್ರದಾಯ ಇದ್ದರೆ ಅವಕಾಶ ಇದೆ. ಅಮೆರಿಕದವರು ಮೊದಲು ನೋಡುವುದು ಮದುವೆ ನಡೆದ ಊರಿನಲ್ಲಿ ಅದು ಊರ್ಜಿತವೇ ಎಂದು. ಆಮೇಲೆ ನೀವು ಸಂಸಾರ ಮಾಡುವ ರಾಜ್ಯ ಅದನ್ನು ಒಪ್ಪುತ್ತದೆಯೇ ಎಂದು. ಆ ಎರಡನೆಯದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೋದರಮಾವನ ಜೊತೆಗಿನ ಮದುವೆಗೆ ಇನ್ನೂ ಬಿಗಿ. ಮುಚ್ಚಿಡಲು ಹೋಗಬೇಡಿ, ಹೆಣ್ಣಿನ ಅಜ್ಜನ ಹೆಸರು ಗಂಡಿನ ಅಪ್ಪನ ಹೆಸರಾಗಿ ಕಾಗದದಲ್ಲಿ ಕಂಡೇ ಕಾಣುತ್ತದೆ. ಯಾವ ರಾಜ್ಯದಲ್ಲಿ ಮನೆ ಮಾಡುತ್ತೀರಿ ಅಂತ ಹೇಳಿ ಮೊದಲೇ ವಕೀಲರನ್ನು ಕೇಳಿ.

ಬರುವವರ ಖರ್ಚಿನ ಜವಾಬ್ದಾರಿ ಪತ್ರ, ಐ-864. ಇದನ್ನು ಎಲ್ಲರೂ ಸುಮ್ನೆ ಸೈನ್ ಮಾಡುತ್ತಾರೆ. ನಿಮ್ಮ ಸಂಸಾರದ ಜನ, ಬರುವವರು, ಹಿಂದೆ ನೀವು ಇಂಥದೇ ಪತ್ರ ಕೊಟ್ಟವರು, ಎಲ್ಲರನ್ನೂ ಎಣಿಸಿ, ಅಮೆರಿಕ ಸರ್ಕಾರ ಗೊತ್ತು ಮಾಡಿದ ಬಡತನದ ಮಟ್ಟದ 125 ಶೇಕಡಾ ಆದಾಯ ತೋರಿಸಬೇಕು. ಸಾಲದಿದ್ದರೆ ಜೊತೆಗೆ ಇನ್ನೊಬ್ಬರು ಸೈನ್ ಮಾಡಬಹುದು. ಭಾವನೋ ಗೆಳೆಯನೋ ನಿಮ್ಮನ್ನು ಹಾಗೆ ಕೇಳಿದರೆ ಯೋಚಿಸಿ. ಬಂದವರು ಸಿಟಿಜನ್ ಆಗುವವರೆಗೆ, ಅಥವಾ ಅವರ ಲೆಕ್ಕಕ್ಕೆ ಸುಮಾರು ಹತ್ತು ವರ್ಷದ ದುಡಿಮೆ ಸೇರುವವರೆಗೆ, ಅಥವಾ ಕಾಯಂ ವಾಸ ಬಿಟ್ಟು ಹೊರಟುಹೋಗುವವರೆಗೆ, ಇಲ್ಲವೇ ತೀರಿಕೊಳ್ಳುವವರೆಗೆ ಆ ಹೊಣೆ ಇರುತ್ತದೆ. ಡೈವೋರ್ಸ್ ಆದರೂ ಹೋಗುವುದಿಲ್ಲ.

ಇಲ್ಲಿ ಹೆಣ್ಣುಮಕ್ಕಳಿಗೆ ಒಂದು ಮಾತು. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನು, ಹೊಡೆಯುತ್ತಾನೆ, "ಬಾಯಿ ಬಿಟ್ಟರೆ ಅರ್ಜಿ ವಾಪಸ್ ತಗೊಳ್ತೀನಿ" ಅನ್ನುತ್ತಾನೆ. ಅಂಥ ಹೆಂಡತಿ ತನ್ನ ಅರ್ಜಿಯನ್ನು ತಾನೇ ಹಾಕಿಕೊಳ್ಳುವ ಕಾನೂನು ಇದೆ. ಗಂಡನಿಗೆ ತಿಳಿಸುವುದಿಲ್ಲ. ಷರತ್ತಿನ ಕಾರ್ಡಿನ ಐ-751 ಅನ್ನೂ ಒಬ್ಬಳೇ ಹಾಕಬಹುದು. ಗಂಡಸರಿಗೂ ಇದು ಅನ್ವಯಿಸುತ್ತದೆ. ಸಿಟಿಜನ್ ಮಗನಿಂದಲೋ ಮಗಳಿಂದಲೋ ಹಿಂಸೆ ಅನುಭವಿಸುವ ಅಪ್ಪ ಅಮ್ಮನಿಗೂ. ಅಂಥ ಅಪ್ಪ ಅಮ್ಮಂದಿರೂ ಇದ್ದಾರೆ, ನಾವು ಮಾತಾಡುವುದಿಲ್ಲ ಅಷ್ಟೇ.

ಮಕ್ಕಳ ಮದುವೆಯ ತಾರೀಖು ಎಷ್ಟು ಮುಖ್ಯ ನೋಡಿ. ಅಪ್ಪನಿಗೆ ಗ್ರೀನ್ ಕಾರ್ಡ್ ಇದೆ. ಮೈಸೂರಿನಲ್ಲಿರುವ 26 ವರ್ಷದ ಮಗಳಿಗೆ ಅರ್ಜಿ ಹಾಕಿದ್ದಾರೆ. ಮೇ ತಿಂಗಳಲ್ಲಿ ಅವಳ ಮದುವೆ. ಆಗಸ್ಟ್‌ನಲ್ಲಿ ಅಪ್ಪ ಸಿಟಿಜನ್ ಆಗಿ ಪ್ರಮಾಣ ತೆಗೆದುಕೊಂಡರು. ಮೇ ತಿಂಗಳ ಮುಹೂರ್ತದಲ್ಲೇ ಆ ಅರ್ಜಿ ಸತ್ತಿತು. ಯಾಕೆಂದರೆ ಗ್ರೀನ್ ಕಾರ್ಡಿನವರ ಮದುವೆಯಾದ ಮಕ್ಕಳಿಗೆ ಯಾವ ಗುಂಪೂ ಇಲ್ಲ. ಈಗ ಹೊಸ ಅರ್ಜಿ, ಹೊಸ ಸರದಿ. ಅದೇ ಪ್ರಮಾಣ ಏಪ್ರಿಲ್‌ನಲ್ಲಿ, ಮದುವೆ ಮೇನಲ್ಲಿ ಆಗಿದ್ದರೆ? ಅರ್ಜಿ ಬದುಕುತ್ತಿತ್ತು. ಸಿಟಿಜನ್ನರ ಮದುವೆಯಾದ ಮಕ್ಕಳ ಗುಂಪಿಗೆ, ಮೊದಲು ಅರ್ಜಿ ಹಾಕಿದ ತಾರೀಖಿನ ಸಮೇತ ಹೋಗುತ್ತಿತ್ತು. ಆ ಸರದಿಯೂ ಹತ್ತು ವರ್ಷ ಮೀರುವಂಥದ್ದೇ, ಆದರೂ ಕಾದ ವರ್ಷಗಳು ನೀರುಪಾಲಾಗುತ್ತಿರಲಿಲ್ಲ.

"ಮದುವೆ ಮಾಡಿ ರಿಜಿಸ್ಟರ್ ಮಾಡಿಸದೆ ಇದ್ದರೆ?" ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾ ಕೇಳಿದಿರಿ. ಶಾಸ್ತ್ರೋಕ್ತವಾಗಿ ಸಪ್ತಪದಿ ಆದರೆ ಹಿಂದೂ ಮದುವೆ ಆಯಿತು. ನೋಂದಣಿ ಇಲ್ಲ ಎಂಬ ಕಾರಣಕ್ಕೆ ಅದು ಮದುವೆ ಅಲ್ಲ ಅಂತಾಗುವುದಿಲ್ಲ. ಅದನ್ನು ಬಚ್ಚಿಟ್ಟು ವೀಸಾ ಪಡೆದರೆ ಮೋಸ. ಮುನ್ನೂರು ಜನ ಊಟ ಮಾಡಿದ್ದಾರೆ, ಅದರಲ್ಲಿ ಇನ್ನೂರು ಜನ ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿದ್ದಾರೆ ಅಲ್ವಾ?

ಅಣ್ಣ ತಮ್ಮ, ಅಕ್ಕ ತಂಗಿಯರು. ಸಿಟಿಜನ್ ಆಗಿ 21 ತುಂಬಿದವರು ಒಡಹುಟ್ಟಿದವರಿಗೆ ಹಾಕಬಹುದು. ಅವರ ಗಂಡ ಅಥವಾ ಹೆಂಡತಿ, 21 ತುಂಬದ ಮಕ್ಕಳು ಜೊತೆಗೆ ಬರಬಹುದು. ಆದರೆ ಇಡೀ ಪ್ರಪಂಚದ ಈ ಗುಂಪಿಗೆ ವರ್ಷಕ್ಕೆ 65,000 ವೀಸಾ. ಅದರ ಮೇಲೆ ಒಂದು ದೇಶಕ್ಕೆ ಸುಮಾರು 7 ಶೇಕಡಾ ಎಂಬ ಮಿತಿ. 2025ರ ಕೊನೆಯಲ್ಲಿ ಭಾರತದವರ ಸರದಿಯಲ್ಲಿ ನಡೆಯುತ್ತಿದ್ದದ್ದು 2006ರಲ್ಲಿ ಹಾಕಿದ ಅರ್ಜಿಗಳು. ಇವತ್ತು ಹಾಕಿದವರಿಗೂ ಅಷ್ಟೇ ವರ್ಷ ಅಂತ ಲೆಕ್ಕ ಹಾಕಬೇಡಿ, ಹಿಂದೆ ನಿಂತವರು ಈಗ ಜಾಸ್ತಿ.

ಇದರಲ್ಲಿ ಮಕ್ಕಳ ವಯಸ್ಸಿನ ಲೆಕ್ಕ ತಮಾಷೆಯಾಗಿದೆ. 2002ರಲ್ಲಿ ಬಂದ ಕಾನೂನಿನ ಪ್ರಕಾರ, ಸರದಿ ಬಂದ ದಿನದ ವಯಸ್ಸಿನಿಂದ, ಐ-130 ಮಂಜೂರಾಗಲು ಎಷ್ಟು ಕಾಲ ಹಿಡಿಯಿತೋ ಅಷ್ಟನ್ನು ಕಳೆಯಬೇಕು. ತಮ್ಮನ ಮಗಳು ಅರ್ಜಿ ಹಾಕಿದಾಗ ನಾಲ್ಕು ವರ್ಷದವಳು. ಇಪ್ಪತ್ತು ವರ್ಷ ಆದ ಮೇಲೆ ಸರದಿ ಬಂತು, ಈಗ ಅವಳಿಗೆ 24. ಅರ್ಜಿ ಮಂಜೂರಾಗಲು ಐದು ವರ್ಷ ಹಿಡಿದಿತ್ತು. 24ರಲ್ಲಿ 5 ಕಳೆದರೆ 19, ಅವಳು ಅಪ್ಪನ ಜೊತೆ ಬರಬಹುದು. ಅದೇ ಅರ್ಜಿ ಒಂದೇ ವರ್ಷದಲ್ಲಿ ಮಂಜೂರಾಗಿದ್ದರೆ 23, ಬರುವಂತಿಲ್ಲ! ಬೇಗ ಮಂಜೂರು ಮಾಡಿಸಿ ಅಂತ ಗೋಳಾಡುವವರಿಗೆ ನಾನು ಇದನ್ನೇ ಹೇಳುವುದು. ಬಂದ ಸರದಿಯನ್ನು ಒಂದು ವರ್ಷದೊಳಗೆ ಬಳಸಿಕೊಳ್ಳಬೇಕು, ಮತ್ತು ಹುಡುಗಿಗೆ ಮದುವೆ ಆಗಿರಬಾರದು. 24ರ ಹುಡುಗಿ ಇದ್ದ ಮನೆಯಲ್ಲಿ ಸಂಬಂಧ ಕೇಳಿ ಬರುವವರು ಕಾನೂನು ನೋಡಿಕೊಂಡು ಬರುವುದಿಲ್ಲ, ಅದು ಬೇರೆ ಮಾತು.

ಇಷ್ಟು ಉದ್ದದ ಸರದಿಯಲ್ಲಿ ಅರ್ಜಿ ಹಾಕಿದ ಅಣ್ಣನೇ ತೀರಿಕೊಳ್ಳಬಹುದು. ಸಾಮಾನ್ಯವಾಗಿ ಅರ್ಜಿಯೂ ಅಲ್ಲಿಗೆ ಮುಗಿಯುತ್ತದೆ. ಆಗಲೇ ಮಂಜೂರಾಗಿದ್ದರೆ ಮಾನವೀಯ ಕಾರಣಕ್ಕೆ ಮತ್ತೆ ಜೀವ ಕೊಡಿ ಅಂತ ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಆ ಅರ್ಜಿಯಲ್ಲಿರುವ ಒಬ್ಬರಾದರೂ, ಓದಲು ಬಂದ ಮಗಳೇ ಇರಲಿ, ಆ ಹೊತ್ತಿಗೆ ಅಮೆರಿಕದಲ್ಲೇ ವಾಸವಾಗಿದ್ದರೆ ಇನ್ನೂ ಗಟ್ಟಿಯಾದ ದಾರಿ ಇದೆ.

ಹಾಗಾದರೆ ತಮ್ಮನಿಗೆ ಹಾಕಬೇಕೋ ಬೇಡವೋ? ಹಾಕಿ ಅಂತಲೇ ನಾನು ಹೇಳುತ್ತೇನೆ. ಆದರೆ ಇದನ್ನು ನಂಬಿಕೊಂಡು ಅವನು ಸೈಟು ಮಾರುವುದು, ಮಕ್ಕಳ ಓದು ಮುಂದೂಡುವುದು ಬೇಡ. ಇನ್ನೊಂದು, ನಿಮ್ಮ ಹೆಸರಿನಲ್ಲಿ ಯಾರಾದರೂ ಐ-130 ಹಾಕಿದ್ದಾರಾ ಅಂತ ವಿಸಿಟರ್ ವೀಸಾ ಫಾರ್ಮಿನಲ್ಲಿ ಕೇಳುತ್ತಾರೆ. ಅವನು ಹೌದು ಅನ್ನಲೇಬೇಕು. ಅದರಿಂದ ವೀಸಾ ಸಿಗುವುದು ಕಷ್ಟ ಆಗಬಹುದು. ಇದನ್ನು ಅವನಿಗೆ ಹೇಳಿ, ಅವನು ಒಪ್ಪಿದ ಮೇಲೆ ಹಾಕಿ.

ಮಂಡ್ಯದ ಕಡೆಯವರೊಬ್ಬರು ಗದ್ದೆ ಬಗ್ಗೆ ಕೇಳಿದ್ದಾರೆ. ಅಮೆರಿಕದ ಸಿಟಿಜನ್ ಆದರೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಹೊರದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದ್ದರೂ ಕೃಷಿ ಜಮೀನು ಕೊಂಡುಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಿನಲ್ಲಿ ಬರುವ ಗದ್ದೆಗೆ ಅಡ್ಡಿ ಇಲ್ಲ. ಕೊಳ್ಳುವ ಯೋಚನೆ ಇದ್ದರೆ ಪ್ರಮಾಣ ತೆಗೆದುಕೊಳ್ಳುವ ಮುಂಚೆಯೇ ಊರಿನ ವಕೀಲರ ಹತ್ತಿರ ಮಾತಾಡಿ.

ಕೊನೆಯ ಚೀಟಿ: "ಅರ್ಜಿ ಹಾಕಿ ಹದಿನಾರು ವರ್ಷ ಆಯಿತು, ಒಂದು ಪತ್ರವೂ ಬಂದಿಲ್ಲ." ಸ್ವಾಮಿ, ಆ ಅರ್ಜಿಯಲ್ಲಿ ಕೊಟ್ಟ ಇಮೇಲ್ ಈಗಲೂ ನೋಡುತ್ತಿದ್ದೀರಾ? ಆ ಬಾಡಿಗೆ ಮನೆ ಬಿಟ್ಟು ಎಷ್ಟು ವರ್ಷ ಆಯಿತು? ಸರದಿ ಬಂದು, ವೀಸಾ ಕೇಂದ್ರದವರು ತಿಳಿಸಿ, ಒಂದು ವರ್ಷ ನೀವು ಏನೂ ಮಾಡದಿದ್ದರೆ ಅರ್ಜಿ ರದ್ದಾಗುವ ನಿಯಮ ಇದೆ. ಮಂಜೂರಾದ ಪತ್ರ ಮನೆಯಲ್ಲಿ ಹುಡುಕಿ. ವಿಳಾಸ, ಇಮೇಲ್ ಎರಡನ್ನೂ ಈ ವಾರವೇ ಬದಲಾಯಿಸಿ. ಯಾವ ತಾರೀಖಿನ ಅರ್ಜಿಗಳಿಗೆ ಸರದಿ ಬಂದಿದೆ ಎಂದು ತಿಳಿಸುವ ವೀಸಾ ಬುಲೆಟಿನ್ ಅನ್ನು ಪ್ರತಿ ತಿಂಗಳು ಅಮೆರಿಕ ಸರ್ಕಾರ ಹಾಕುತ್ತದೆ. ಅದರಲ್ಲಿ ಭಾರತದ ಕಾಲಮ್ಮು, ನಾಲ್ಕನೆಯ ಗುಂಪಿನ, ಅಂದರೆ ಒಡಹುಟ್ಟಿದವರ, ಸಾಲು ನೋಡಿ, ನೀವು ಅರ್ಜಿ ಹಾಕಿದ ತಾರೀಖಿನ ಪಕ್ಕ ಇಟ್ಟು ಹೋಲಿಸಿ. ಆ ಪತ್ರ ಸಿಗದಿದ್ದರೆ ಊಟ ಆದ ಮೇಲೆ ನನ್ನ ಹತ್ತಿರ ಬನ್ನಿ, ಹೇಗೆ ತರಿಸಿಕೊಳ್ಳುವುದು ಅಂತ ಹೇಳುತ್ತೇನೆ.